ಹಂಡೆ ಒಲೆಯ ವಾಸನೆಗೆ ಎರಡು ಅಂಕ

ಜರ್ಮನಿಯ ಬಾಂಬೆರ್ಗ್ ಊರಿನ ಶ್ಲೆಂಕರ್ಲಾ ಅನ್ನುವ ಬಿಯರ್ ಮನೆಯಲ್ಲಿ ಹೊಗೆ ಬಿಯರ್‌ನ ಮೊದಲ ಗುಟುಕು ಕುಡಿದಾಗ ನೆನಪಾದದ್ದು ಅಜ್ಜಿ ಮನೆಯ ಬಚ್ಚಲು. ಹಂಡೆ ಒಲೆಗೆ ಹಸಿ ಸೌದೆ ತುರುಕಿ, ಹೊಗೆಯಲ್ಲಿ ಕಣ್ಣುಜ್ಜುತ್ತಾ ಸ್ನಾನ ಮಾಡುತ್ತಿದ್ದೆವಲ್ಲ, ಅದೇ ವಾಸನೆ. ಮೊಬೈಲ್ ತೆಗೆದು ನನ್ನ ಬಿಯರ್ ಪಟ್ಟಿಯಲ್ಲಿ ಬರೆದೆ: 10ಕ್ಕೆ 2.

ಅಲ್ಲಿ ಮೇಜು ಯಾರೊಬ್ಬರದ್ದೂ ಅಲ್ಲ. ಜಾಗ ಇದ್ದಲ್ಲಿ ಕೂರಬೇಕು. ಎದುರಿಗಿದ್ದ ಹಿರಿಯರು ನನ್ನ ಮುಖ ನೋಡಿ ನಕ್ಕರು. "ಒಂದರಲ್ಲಿ ಗೊತ್ತಾಗಲ್ಲ, ಮೂರು ಕುಡೀರಿ" ಅಂದರು. ಆಮೇಲೆ ಗೊತ್ತಾಯಿತು, ಆ ಊರಲ್ಲಿ ಹೊಸಬರಿಗೆಲ್ಲ ಹೇಳುವ ಮಾತೇ ಅದು. ಮೂರು ಅಂದರೆ ಒಂದೂವರೆ ಲೀಟರ್. ನಾನು ಎರಡಕ್ಕೆ ನಿಲ್ಲಿಸಿದೆ. ಆದರೆ ಎರಡನೆಯದರ ಅರ್ಧಕ್ಕೆ ಬರುವಷ್ಟರಲ್ಲಿ ಹೊಗೆ ಹಿಂದೆ ಸರಿದು, ಹುರಿದ ಧಾನ್ಯದ ಸಿಹಿ ಮುಂದೆ ಬಂದಿತ್ತು. 2 ಅಳಿಸಿ 8 ಮಾಡಿದೆ.

ಹೊಗೆ ಬರುವುದು ಮಾಲ್ಟ್‌ನಿಂದ. ಮೊಳಕೆ ಬಂದ ಬಾರ್ಲಿಯನ್ನು ಬೀಚ್ ಮರದ ಬೆಂಕಿಯ ಮೇಲೆ ಒಣಗಿಸುತ್ತಾರೆ. ಹಿಂದೆ ಹೀಗೆ ಸೌದೆ ಬೆಂಕಿಯಲ್ಲಿ ಒಣಗಿಸುವುದು ಎಷ್ಟೋ ಕಡೆ ಇತ್ತು. ಹೊಗೆ ತಾಗದ ಬಿಸಿಗಾಳಿ ಗೂಡುಗಳು ಬಂದ ಮೇಲೆ ಬಿಟ್ಟುಬಿಟ್ಟರು. ಬಾಂಬೆರ್ಗ್‌ನಲ್ಲಿ ಶ್ಲೆಂಕರ್ಲಾ, ಸ್ಪೆಟ್ಸಿಯಾಲ್ ಅನ್ನುವ ಎರಡು ಬಿಯರ್ ಮನೆಯವರು ಬಿಡಲಿಲ್ಲ. ತಮಾಷೆ ಅಂದರೆ, ಶ್ಲೆಂಕರ್ಲಾದವರ ಹೆಲ್ಲೆಸ್ ಅನ್ನುವ ತಿಳಿ ಬಣ್ಣದ ಬಿಯರ್‌ಗೆ ಹೊಗೆ ಮಾಲ್ಟ್ ಹಾಕುವುದೇ ಇಲ್ಲ. ಅದೇ ಹಂಡೆ, ಅದೇ ಯೀಸ್ಟ್ ಅನ್ನುವ ಕಾರಣಕ್ಕೆ ಅದಕ್ಕೂ ತೆಳ್ಳಗೆ ಹೊಗೆ ಹತ್ತಿರುತ್ತದೆ. ಈರುಳ್ಳಿ ಹೆಚ್ಚಿದ ಚಾಕುವಿನಲ್ಲಿ ಸೇಬು ಕೊಯ್ದ ಹಾಗೆ.

ನಾನಿದ್ದದ್ದು ನ್ಯೂರೆಂಬೆರ್ಗ್‌ನಲ್ಲಿ, ಕೆಲಸದ ಮೇಲೆ. 2023ರ ಮೇನಲ್ಲಿ 49 ಯೂರೋದ ತಿಂಗಳ ಪಾಸ್ ಶುರುವಾಯಿತು. ಜರ್ಮನಿಯ ಯಾವ ಲೋಕಲ್ ರೈಲಾದರೂ ಹತ್ತಬಹುದು. ಶನಿವಾರ ಬಂದರೆ ಸುತ್ತಲಿನ ಫ್ರಾಂಕೋನಿಯಾ ಪ್ರದೇಶದ ಒಂದೊಂದು ಊರು. ಕುಡಿದು ಕಾರು ಓಡಿಸುವ ಪ್ರಶ್ನೆಯೇ ಇಲ್ಲವಲ್ಲ, ಪಾಸ್ ಇರದಿದ್ದರೆ ಈ ಪಟ್ಟಿಯೂ ಇರುತ್ತಿರಲಿಲ್ಲ.

ಮೊದಮೊದಲು ನಾನು ಕೊಟ್ಟ ಅಂಕಗಳೆಲ್ಲ ದಂಡ. ಹೊಗೆ ಬಿಯರ್ ಮೊದಲು ಕುಡಿದು ಆಮೇಲೆ ಪಿಲ್ಸ್ ಅನ್ನುವ ತಿಳಿ ಬಣ್ಣದ ಕಹಿ ಬಿಯರ್ ಕುಡಿದರೆ ಪಿಲ್ಸ್ ಬರೀ ನೀರು. ಅದಕ್ಕೆ ತೆಳುವಾದದ್ದು ಮೊದಲು, ಕಪ್ಪು ಮತ್ತು ಹೊಗೆಯದು ಕೊನೆಗೆ. ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿದರೆ ನಾಲಿಗೆಗೆ ತಣ್ಣಗೆ ಅನ್ನುವುದು ಬಿಟ್ಟರೆ ಏನೂ ಸಿಗುವುದಿಲ್ಲ, ಹತ್ತು ನಿಮಿಷ ಹೊರಗಿಡಬೇಕು. ಕುರುಕಲು ತಿಂದ ಎಣ್ಣೆ ತುಟಿ ತಾಗಿದರೆ ನೊರೆ ಸತ್ತುಹೋಗುತ್ತದೆ. ಲೋಟದಲ್ಲಿ ಸೋಪು ಉಳಿದಿದ್ದರೂ ಅಷ್ಟೇ. ಪಕ್ಕದಲ್ಲಿ ಒಣ ಬ್ರೆಡ್, ನೀರು ಸಾಕು.

ದೊಡ್ಡ ಎಡವಟ್ಟು ಮನೆಯಲ್ಲೇ ಆಯಿತು. ಹಸಿರು ಬಾಟಲಿಯ ಒಂದು ಪಿಲ್ಸ್ ತಂದು, ಚೆನ್ನಾಗಿ ಕಾಣುತ್ತದೆ ಅಂತ ಅಡುಗೆಮನೆ ಕಿಟಕಿಯಲ್ಲಿ ಮೂರು ದಿನ ಇಟ್ಟಿದ್ದೆ. ಮುಚ್ಚಳ ತೆಗೆದರೆ ಸುಟ್ಟ ರಬ್ಬರ್ ನಾತ. ತಯಾರಿಸಿದವರನ್ನು ಬೈದು 3 ಅಂಕ ಕೊಟ್ಟೆ. ತಪ್ಪು ನನ್ನದೇ. ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶಕ್ಕೆ ಬಿಸಿಲು ತಾಗಿದರೆ ಆ ವಾಸನೆ ಹುಟ್ಟುತ್ತದೆ. ಕಂದು ಗಾಜು ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಅಷ್ಟು ತಡೆಯುವುದಿಲ್ಲ. ಇನ್ನೊಂದು ಬಾಟಲಿ ತಂದು ಕಪಾಟಿನಲ್ಲಿಟ್ಟು ಕುಡಿದಾಗ 6 ಬಂತು.

ಜಾಸ್ತಿ ಕಷ್ಟವಾದದ್ದು ರುಚಿಗೆ ಹೆಸರು ಹುಡುಕುವುದು. ಬೇರೆಯವರ ಟಿಪ್ಪಣಿಯಲ್ಲಿ ಕಾಣುವ ಹಣ್ಣುಗಳಲ್ಲಿ ಅರ್ಧ ನಾನು ತಿಂದೇ ಇಲ್ಲ. ಕಡೆಗೆ ನಮ್ಮನೆ ಮಾತೇ ಬರೆಯತೊಡಗಿದೆ. ಗೋಧಿ ಬಿಯರ್ ಅಂದರೆ ಬಾಳೆಹಣ್ಣಿನ ರಸಾಯನಕ್ಕೆ ಲವಂಗ ಬಿದ್ದಂತೆ. ಬಾಳೆಯೂ ಇಲ್ಲ, ಲವಂಗವೂ ಇಲ್ಲ, ಎಲ್ಲಾ ಯೀಸ್ಟ್ ಮಾಡುವ ಕೆಲಸ. ಒಂದು ಕಪ್ಪು ಬಿಯರ್‌ಗೆ "ತಳ ಹಿಡಿದ ಬೆಲ್ಲದ ಪಾಕ" ಅಂತ ಬರೆದಿದ್ದೇನೆ, ಅಂಕ 7. ಈಗ ಓದಿದರೂ ಬಾಯಿಗೆ ಬರುತ್ತದೆ.

ಇನ್ನೊಂದು ತೊಡಕು ಅಳತೆ. ಅಲ್ಲಿ ಮಾಮೂಲಿ ಲೋಟ ಅರ್ಧ ಲೀಟರ್, ಅವರ ಬಾಯಲ್ಲಿ "ಸೈಡ್ಲಾ". ಕಮ್ಮಿ ಬೇಕಾದರೆ "ಶ್ನಿಟ್" ಕೇಳಬಹುದು ಅಂತ ಯಾರೋ ಹೇಳಿದ್ದರು. ಹೋದ ಕೂಡಲೇ ಕೇಳಿದೆ. ಬಡಿಸುವ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಶ್ನಿಟ್ ಅಂದರೆ ಎದ್ದು ಹೋಗುವ ಮುಂಚೆ ನೊರೆ ತುಂಬಿಸಿ ಕೊಡುವ ಕೊನೇ ಲೋಟವಂತೆ. ಊಟಕ್ಕೆ ಕೂತವನು ಎಲೆ ಹಾಕುವ ಮೊದಲೇ ಮಜ್ಜಿಗೆ ಕೇಳಿದ ಹಾಗಾಯಿತು. ಅಂದಿನಿಂದ ನಾನೂ ನನ್ನ ಹೆಂಡತಿಯೂ ಒಂದೇ ಲೋಟ ಹಂಚಿಕೊಂಡೆವು.

"ರೀ, ಅಂಕ ಇರಲಿ, ಇನ್ನೊಂದು ತರಿಸೋಣ್ವಾ ಬೇಡ್ವಾ ಅದನ್ನ ಹೇಳಿ" ಅಂತ ಒಂದು ದಿನ ಕೇಳಿದಳು. ಪಟ್ಟಿಗೆ ಹೊಸ ಕಾಲಂ ಬಂತು: ಇನ್ನೊಂದು ಬೇಕಾ? ಜರ್ಮನ್ನರ "ಸ್ಯೂಫಿಗ್" ಅನ್ನುವ ಮಾತೂ ಹತ್ತಿರ ಹತ್ತಿರ ಇದೇ. ಸಲೀಸಾಗಿ ಇಳಿಯುತ್ತದೆ, ಮತ್ತೆ ಕುಡಿಯಬೇಕು ಅನ್ನಿಸುತ್ತದೆ. ನಾನು 9 ಕೊಟ್ಟ ಎಷ್ಟೋ ಬಿಯರ್‌ಗೆ ಅಲ್ಲಿ "ಬೇಡ" ಅಂತಿದೆ. ಬಾಂಬೆರ್ಗ್‌ನ ಮಾರ್ಸ್ ಬ್ರಾಯ್ ಬಿಯರ್ ಮನೆಯಲ್ಲಿ ಸುಮ್ನೆ "ಊ" ಅಂದರೆ ಸಾಕು, ಗ್ಯಾಸ್ ಕಮ್ಮಿಯ, ಸೋಸದ ಬಿಯರ್ ಬರುತ್ತದೆ. ಅದಕ್ಕೆ ಅಂಕ 7.5 ಅಷ್ಟೇ, ಆದರೆ ಹೋದಾಗಲೆಲ್ಲ "ಬೇಕು".

ಔಫ್‌ಸೆಸ್ ಅಂತ ಒಂದು ಊರಿದೆ. 1,500ಕ್ಕೂ ಕಡಿಮೆ ಜನ, ಬಿಯರ್ ತಯಾರಿಸುವ ನಾಲ್ಕು ಮನೆ. ಗಿನ್ನೆಸ್ ದಾಖಲೆಗೂ ಸೇರಿದೆ. ನಾಲ್ಕನ್ನೂ ಸೇರಿಸುವ ಸುಮಾರು 14 ಕಿಲೋಮೀಟರ್ ಕಾಲುದಾರಿಯಲ್ಲಿ ಬುತ್ತಿ ಕಟ್ಟಿಕೊಂಡು ಹೊರಟೆವು. ಹೊಲದಂಚಿನ ಬೆಂಚಿನಲ್ಲಿ ಕೂತು ಚಿತ್ರಾನ್ನ ತಿಂದೆವು. ಮೂರು ಕಡೆ ಮೂರು ಅಂಕ, ಎಲ್ಲಾ ಶಿಸ್ತಾಗಿ ಬರೆದೆ. ನಾಲ್ಕನೆಯದರ ಎದುರು ಅಂಕ ಇಲ್ಲ. "ಕಾಲು ನೋವು, ಬೆಂಚು ಚೆನ್ನಾಗಿದೆ" ಅಂತ ಮಾತ್ರ ಇದೆ. ಮುಂದಿನ ಸಲ ಆ ಕಡೆಯಿಂದಲೇ ನಡೆಯಲು ಶುರು ಮಾಡಬೇಕು.