ಪೆಲೆಟ್ ಒಲೆಯ ಶಾಖವನ್ನು ತಕ್ಕಡಿಯಲ್ಲಿ ಅಳೆದದ್ದು

ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ) ಉರಿಸುವ ಒಲೆ ಜೋರಾಗಿ ಉರಿದರೂ ಕೋಣೆ ಬೆಚ್ಚಗಾಗುತ್ತಿರಲಿಲ್ಲ. ಹೊರಬರುವ ಗಾಳಿ ಮುಟ್ಟಿ ಅಂದಾಜು ಮಾಡಬೇಡಿ; ಫ್ಯಾನ್ ನಿಧಾನವಾದರೆ ಗಾಳಿ ಇನ್ನೂ ಬಿಸಿ, ಕೋಣೆಗೆ ಸಿಗುವ ಶಾಖ ಮಾತ್ರ ಕಡಿಮೆ. ಪೆಲೆಟ್ ತೂಗುವುದೇ ಸರಿ. ಹಾಪರನ್ನು (ಪೆಲೆಟ್ ತುಂಬುವ ಡಬ್ಬಿ) ಗುರುತಿನವರೆಗೆ ತುಂಬಿ, ಒಂದೇ ಸೆಟ್ಟಿಂಗ್‌ನಲ್ಲಿ 3 ಗಂಟೆ ಉರಿಸಿ, ಮತ್ತೆ ಅದೇ ಗುರುತಿಗೆ ತುಂಬಲು 4.5 ಕೆ.ಜಿ. ಬೇಕಾಯಿತು. ಅಂದರೆ ಗಂಟೆಗೆ 1.5 ಕೆ.ಜಿ. ಒಣ ಪೆಲೆಟ್‌ನಲ್ಲಿ ಕೆ.ಜಿ.ಗೆ ಸುಮಾರು 4.8 ಕಿಲೋವ್ಯಾಟ್-ಗಂಟೆ ಶಕ್ತಿ; ಹಾಗಾಗಿ 7.2 ಕಿಲೋವ್ಯಾಟ್. ದಕ್ಷತೆ ಶೇ. 85 ಎಂದು ಹಿಡಿದರೆ ಕೋಣೆಗೆ 6.1 ಕಿಲೋವ್ಯಾಟ್ ಸಿಗಬೇಕು.

ಇಂಧನಕ್ಕೆ ಕೊರತೆಯಿಲ್ಲ ಎಂದಮೇಲೆ ಶಾಖ ಹೊಗೆಕೊಳವೆಯಲ್ಲಿ ಸೋರುತ್ತಿದೆ ಎಂಬ ಅನುಮಾನ ಬಂತು. ಒಲೆ ಪೂರ್ತಿ ಆರಿದ ಮೇಲೆ ತೆರೆದರೆ ಹೀಟ್ ಎಕ್ಸ್‌ಚೇಂಜರ್ ಕೊಳವೆಗಳ (ಬೆಂಕಿಯ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುವ ಕೊಳವೆಗಳು) ಮೇಲೆ ಹತ್ತಿಯಂಥ ಬೂದಿ, ಪೆಲೆಟ್ ಉರಿಯುವ ಬಟ್ಟಲಾದ ಬರ್ನ್ ಪಾಟ್‌ನ ಗಾಳಿ ತೂತುಗಳಲ್ಲಿ ಕಲ್ಲಾದ ಕಿಟ್ಟ. ಕೊಳವೆಗಳನ್ನು ಬ್ರಷ್‌ನಿಂದ ಉಜ್ಜಿ, ತೂತುಗಳನ್ನು ಬಿಡಿಸಿದ ಮೇಲೆ ಸೋಮಾರಿ ಕೆಂಪು ಜ್ವಾಲೆ ಚುರುಕಾದ ಹಳದಿಗೆ ತಿರುಗಿತು; ಅಷ್ಟೇ ಪೆಲೆಟ್‌ಗೆ ಕೋಣೆ ಬೆಚ್ಚಗಾಯಿತು.