ಹಾಪ್ಸ್ ತೋಟ ನೋಡಲು ಹೋಗುವುದು ಹೇಗೆ?

ಬಿಯರಿನ ಕಹಿ ಹುಟ್ಟುವ ಜಾಗ ನೋಡಬೇಕೇ? ಆ ಕಹಿ ಕೊಡುವ ಹೂವಿನ ಬಳ್ಳಿಯೇ ಹಾಪ್ಸ್. ದಕ್ಷಿಣ ಜರ್ಮನಿಯಲ್ಲಿ, ಬೋಡೆನ್ ಸರೋವರದ ಹತ್ತಿರ, ಟೆಟ್ನಾಂಗ್ ಎಂಬ ಊರಿದೆ. ಪಕ್ಕದ ಸಿಗ್ಗೆನ್‌ವೈಲರ್‌ನಲ್ಲಿ ಒಂದು ಕುಟುಂಬ 'ಹೋಪ್‌ಫೆನ್‌ಗುಟ್ ನಂ. 20' ನಡೆಸುತ್ತಿದೆ. ತೋಟ, ಮ್ಯೂಸಿಯಂ, ಬ್ರೂವರಿ ಎಲ್ಲಾ ಒಂದೇ ಕಡೆ. ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಕೆಲಸದಲ್ಲಿರುವ ನಮ್ಮವರು ರಜೆಯಲ್ಲಿ ಆರಾಮಾಗಿ ಹೋಗಿಬರಬಹುದು.

ಮೊದಲು ತಿಂಗಳು ನೋಡಿಕೊಳ್ಳಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಕೊಯ್ಲು. ತಡವಾದರೆ ಬರೀ ಕಂಬ, ತಂತಿ ನೋಡಿ ಬರಬೇಕಾಗುತ್ತದೆ.

ಉಲ್ಮ್–ಫ್ರೀಡ್ರಿಕ್ಸ್‌ಹಾಫೆನ್ ಮಾರ್ಗದ ರೈಲಿನಲ್ಲಿ ಮೆಕೆನ್‌ಬಾಯ್ರೆನ್‌ನಲ್ಲಿ ಇಳಿದು, ಬಸ್ಸಿನಲ್ಲಿ ಟೆಟ್ನಾಂಗ್ ಸೇರಿ. ಅಲ್ಲಿಂದ ತೋಟಕ್ಕೆ ಸುಮಾರು 4 ಕಿಲೋಮೀಟರ್ 'ಹಾಪ್ಸ್ ದಾರಿ' ಇದೆ. ಟ್ಯಾಕ್ಸಿ ಬೇಡ, ನಡೆಯಿರಿ.

ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಈ ಬಳ್ಳಿಯ ಮೈತುಂಬ ಕೊಕ್ಕೆಯಂಥ ಸಣ್ಣ ಮುಳ್ಳು, ತಾಗಿದರೆ ಗೀರು ಖಂಡಿತ. ನಮ್ಮ ಮೆಣಸಿನ ಬಳ್ಳಿ ಮರಕ್ಕೆ ಹಬ್ಬುವಂತೆ ಇದು ತಂತಿ ಹಿಡಿದು ಸುಮಾರು 7 ಮೀಟರ್ ಏರುತ್ತದೆ. ಜೂನ್ ಸುಮಾರಿಗೆ ಕೆಲವೊಮ್ಮೆ ದಿನಕ್ಕೆ 30 ಸೆಂಟಿಮೀಟರ್! ಬೆಳೆಸುವುದು ಹೆಣ್ಣು ಗಿಡ ಮಾತ್ರ. ಗಂಡು ಗಿಡವಿದ್ದರೆ ಹೂವು ಬೀಜ ಕಟ್ಟಿ ಗುಣ ಕೆಡುತ್ತದೆ.

ಸುಮ್ನೆ ಫೋಟೊ ತೆಗೆದು ಮುಂದೆ ಹೋಗಬೇಡಿ. ತೋಟದವರನ್ನು ಕೇಳಿ ಒಂದು ಹೂವು ಪಡೆಯಿರಿ. ಮಧ್ಯಕ್ಕೆ ಸೀಳಿದರೆ ಎಸಳ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ. ಅದೇ ಲುಪುಲಿನ್. ಕಹಿ, ಘಮ ಎರಡೂ ಅದರಲ್ಲೇ. ಅಂಗೈಯಲ್ಲಿ ತಿಕ್ಕಿ ಮೂಸಿ. ಕೈಗೆ ಅಂಟಿದ ವಾಸನೆ ಬೇಗ ಹೋಗದು.

ಕೊಯ್ದ ಹೂವಿನಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ. ಬಿಸಿಗಾಳಿಯಲ್ಲಿ ಒಣಗಿಸಿ 10ರ ಆಸುಪಾಸಿಗೆ ಇಳಿಸುತ್ತಾರೆ. ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಯಂತ್ರ ಬರುವ ಮುಂಚೆ ಇದನ್ನೆಲ್ಲ ಕೈಯಲ್ಲೇ ಬಿಡಿಸುತ್ತಿದ್ದರು. ಮ್ಯೂಸಿಯಂನಲ್ಲಿ ಆ ಕಾಲದ ಕೆಲಸ ನೋಡುವಾಗ ಅವಸರ ಮಾಡಬೇಡಿ.

ಬ್ರೂವರಿ ಕೊನೆಗಿರಲಿ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರಸ ಕುದಿಯುವಾಗ ಮೊದಲೇ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ. ಕೊನೆಯಲ್ಲಿ ಹಾಕಿದ್ದು ಘಮ ಉಳಿಸುತ್ತದೆ. ಯಾವ ಬಿಯರಿಗೆ ಯಾವಾಗ ಹಾಕಿದ್ದಾರೆ ಎಂದು ಕೇಳಿ ಕುಡಿದರೆ ರುಚಿಯ ವ್ಯತ್ಯಾಸ ತಿಳಿಯುತ್ತದೆ, ಅಲ್ವಾ? ಕುಡಿಯದವರಿಗೂ ತೋಟ, ಮ್ಯೂಸಿಯಂ ಸಾಕಷ್ಟಿದೆ.

ಕಾರು ಓಡಿಸುವವರು ಗ್ಲಾಸ್ ಮುಟ್ಟದಿದ್ದರೆ ಒಳ್ಳೆಯದು. ಬಸ್ಸಿನಲ್ಲಿ ಬಂದವರು ವಾಪಸ್ ಬಸ್ಸಿನ ಹೊತ್ತು ನೋಡಿಟ್ಟುಕೊಂಡೇ ಎರಡನೆಯದನ್ನು ತರಿಸಿಕೊಳ್ಳಿ.