ಮಳೆಗಾಲದಲ್ಲಿ ಮನೆಯೊಳಗೆ ಬೂಷ್ಟು ಹಿಡೀದಂಗೆ ನೋಡ್ಕೊಳ್ಳೋದು ಹೇಗೆ

ಮೃಗಶಿರ ಮಳೆ ಹಿಡ್ಕೊಂಡು ಎರಡು ವಾರ ಆಗೋದ್ರೊಳಗೆ ಮಲೆನಾಡು, ಕರಾವಳಿ ಕಡೆ ಮನೆಗಳಲ್ಲೆಲ್ಲ ಒಂದೇ ಕಥೆ. ಬೀರು ಬಾಗ್ಲು ತೆಗೆದ್ರೆ ಮುಗ್ಗಲು ವಾಸನೆ, ಲೆದರ್ ಶೂ ಮೇಲೆ ಬಿಳಿ ಬೂಷ್ಟು, ಮಂಚದ ಹಿಂದಿನ ಗೋಡೆಲಿ ಕಪ್ಪು ಚುಕ್ಕೆ. ಸುಮಾರು ಜನ ಏನ್ಮಾಡ್ತಾರೆ ಅಂದ್ರೆ ಒಣ ಬಟ್ಟೆಲಿ ಒಂದ್ಸಲ ಒರೆಸಿ ಬಿಡ್ತಾರೆ, ದೀಪಾವಳಿ ಹೊತ್ತಿಗೆ ಅದರ ಮೇಲೇ ಪೇಂಟ್ ಹೊಡೆಸ್ತಾರೆ, ಮುಂದಿನ ಜುಲೈಗೆ ಅದೇ ಜಾಗದಲ್ಲಿ ಮತ್ತೆ ಅದೇ ಕಪ್ಪು. ಬೂಷ್ಟಿನ ಬೀಜಕಣ ಗಾಳಿಲಿ ವರ್ಷಪೂರ್ತಿ ಇರತ್ತೆ, ಅದನ್ನ ಮನೆಯಿಂದ ಪೂರ್ತಿ ಓಡ್ಸೋಕೆ ಯಾವ ಲಿಕ್ವಿಡ್ಡಿಂದಾನೂ ಆಗಲ್ಲ. ಅದು ಬೆಳೆಯೋಕೆ ಬೇಕಾಗಿರೋದು ನೀರು. ನೆನೆದಿದ್ದನ್ನ 24ರಿಂದ 48 ಗಂಟೆಯೊಳಗೆ ಒಣಗಿಸಿದ್ರೆ ಸಾಮಾನ್ಯವಾಗಿ ಬೂಷ್ಟು ಏಳಲ್ಲ, ಅಲ್ಲಿಂದ ಮುಂದಕ್ಕೆ ಬಿಟ್ರೆ ಏಳತ್ತೆ. ಹಾಗಾಗಿ ನಮ್ಮ ಕೆಲಸ ಇರೋದು ತೇವದ ಜೊತೆ.

ಇದನ್ನ ಬರೀ ಗೋಡೆ ಅಂದಗೆಡೋ ವಿಷಯ ಅಂದ್ಕೋಬೇಡಿ ದಯವಿಟ್ಟು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಿದೆ, ಅಂಥ ಮನೆಲಿ ಇರೋರಿಗೆ ಕೆಮ್ಮು, ಉಬ್ಬಸ, ಅಸ್ತಮಾ ತೊಂದರೆ ಜಾಸ್ತಿ ಅಂತ ಅದ್ರಲ್ಲಿ ಸ್ಪಷ್ಟವಾಗಿದೆ. ಮಳೆಗಾಲ ಬಂತು ಅಂದ್ರೆ ಮಗೂಗೆ ರಾತ್ರಿ ಕೆಮ್ಮು ಶುರು ಅನ್ನೋ ಮನೆಗಳಲ್ಲಿ ಮೊದಲು ಮಗು ಮಲಗೋ ಕೋಣೆ ಗೋಡೆ ನೋಡಿ.

ಮೊದಲು ಒಂದು ಮೀಟರ್ ತಗೊಳ್ಳಿ

ಹೈಗ್ರೋಮೀಟರ್ ಅಂತ ಸಿಗತ್ತೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಕೆಲವು ನೂರು ರೂಪಾಯಿ ಅಷ್ಟೆ. ಗಾಳಿಲಿ ತೇವ ಶೇಕಡಾ ಎಷ್ಟಿದೆ ಅಂತ ತೋರಿಸತ್ತೆ. 60ರ ಕೆಳಗಿದ್ರೆ ಬೂಷ್ಟಿಗೆ ಕಷ್ಟ, 50ರ ಆಸುಪಾಸು ಇದ್ರೆ ಇನ್ನೂ ಒಳ್ಳೇದು. ಜುಲೈ ತಿಂಗಳಲ್ಲಿ ಮಂಗಳೂರು, ಉಡುಪಿ, ತೀರ್ಥಹಳ್ಳಿ ಕಡೆ ಹೊರಗೇ 90 ದಾಟಿರತ್ತೆ, ಹಾಗಾಗಿ ಇಡೀ ಮನೆನ 50ಕ್ಕೆ ಇಳಿಸೋ ಆಸೆ ಬೇಡ, ಅದು ಆಗೋ ಮಾತಲ್ಲ. ಮಲಗೋ ಕೋಣೆ, ಬಟ್ಟೆ ಬೀರು ಇರೋ ಕೋಣೆ, ಇವೆರಡನ್ನ ಉಳಿಸ್ಕೊಂಡ್ರೆ ದೊಡ್ಡ ಗೆಲುವು.

ನೀರು ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡಿ

ಇದನ್ನ ಬಿಟ್ಟು ಬೇರೆ ಎಲ್ಲ ಮಾಡ್ತಾರೆ ಜನ, ಅದಕ್ಕೇ ದುಡ್ಡು ದಂಡ ಆಗೋದು. ತೇವ ಮುಖ್ಯವಾಗಿ ಮೂರು ದಾರಿಲಿ ಬರತ್ತೆ: ಹೊರಗಿನ ಮಳೆ ಗೋಡೆ ಅಥವಾ ಸ್ಲ್ಯಾಬಿಂದ ಇಳಿಯೋದು, ನೆಲದಿಂದ ಗೋಡೆಗೆ ಏರೋದು, ಒಳಗಿನ ಗಾಳಿಲಿರೋ ಆವಿ ತಣ್ಣಗಿನ ಗೋಡೆಗೆ ತಾಗಿ ನೀರಾಗೋದು. ನೆಲದಿಂದ ಏರೋದಾದ್ರೆ ಕಲೆ ಕೆಳಗಿಂದ ಮೊಣಕಾಲು, ಸೊಂಟದ ಎತ್ತರಕ್ಕೆ ಬಂದು ಅಡ್ಡಕ್ಕೆ ಒಂದು ಗೆರೆ ಥರ ನಿಂತಿರತ್ತೆ, ಪೇಂಟ್ ಉಬ್ಬಿ ಬಿಳಿ ಪುಡಿ ಉದುರ್ತಿರತ್ತೆ. ಆ ಬಿಳಿ ಪುಡಿ ಎಷ್ಟೋ ಸಲ ಬೂಷ್ಟಲ್ಲ, ಗೋಡೆಯೊಳಗಿನ ಉಪ್ಪು. ನೀರು ಚಿಮುಕಿಸಿ ನೋಡಿ, ಕರಗಿದ್ರೆ ಉಪ್ಪು.

ಉಳಿದ ಎರಡರಲ್ಲಿ ಯಾವುದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಒಂದು ಸುಲಭದ ಪರೀಕ್ಷೆ ಇದೆ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ತಗೊಂಡು, ಗೋಡೆನ ಮೊದಲು ಒರೆಸಿ ಒಣಗಿಸಿ, ಕಲೆ ಇರೋ ಜಾಗಕ್ಕೆ ನಾಲ್ಕೂ ಕಡೆ ಗಾಳಿ ಹೋಗದಂಗೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹೊರಮೈ, ಅಂದ್ರೆ ಕೋಣೆ ಕಡೆ, ಒದ್ದೆ ಆಗಿದ್ರೆ ಅದು ಒಳಗಿನ ಆವಿ, ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರತ್ತಲ್ಲ ಹಾಗೆ. ಗೋಡೆ ಕಡೆ ಮೈ ಒದ್ದೆ ಆಗಿದ್ರೆ ನೀರು ಗೋಡೆಯೊಳಗಿಂದ ಬರ್ತಿದೆ, ಆಗ ಒಳಗೆ ಏನು ಹಚ್ಚಿದ್ರೂ ನಿಲ್ಲಲ್ಲ, ಹೊರಗಿಂದಾನೇ ರಿಪೇರಿ ಆಗ್ಬೇಕು.

ನೈಋತ್ಯ ಮುಂಗಾರಿನ ಮಳೆ ಗಾಳಿ ಸಮೇತ ಬಂದು ಬಡಿಯೋದು ಪಶ್ಚಿಮ, ದಕ್ಷಿಣದ ಗೋಡೆಗೆ. ಕೆಂಪುಕಲ್ಲಿನ ಗೋಡೆ ಆದ್ರಂತೂ ಹೊರಗೆ ಗಾರೆ ಸರಿ ಇಲ್ದೇ ಹೋದ್ರೆ ನೀರು ಕುಡಿದು ಕೂತಿರತ್ತೆ. ಹಿಂದಿನವರು ಮಳೆಗಾಲಕ್ಕೆ ಮುಂಚೆ ಆ ಕಡೆಗೆ ಸೋಗೆ ತಟ್ಟಿ ಕಟ್ತಿದ್ರು, ಈಗ ಶೀಟ್ ಇಳಿಬಿಟ್ರೂ ಆಯ್ತು, ಕಿಟಕಿ ಮೇಲಿನ ಸಜ್ಜಾ ಉದ್ದ ಮಾಡಿಸಿದ್ರೂ ಆಯ್ತು. ತಾರಸಿ ನೀರು ಹೋಗೋ ಪೈಪಿನ ಬಾಯಲ್ಲಿ ಎಲೆ ಕಟ್ಟಿದೆಯಾ ಅಂತ ಮೇ ತಿಂಗಳಲ್ಲೇ ಹತ್ತಿ ನೋಡಿ.

ನಾವೇ ಮಾಡೋ ಆವಿ ಕಮ್ಮಿ ಮಾಡಿ

ಅಡುಗೆ ಗ್ಯಾಸಿಂದ ನೀರು ಬರತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ಎಲ್‌ಪಿಜಿ ಉರಿದಾಗ ಒಂದು ಕೆಜಿಗೆ ಸುಮಾರು 1.6 ಕೆಜಿ ನೀರಿನ ಆವಿ ಹುಟ್ಟತ್ತೆ. ಅಂದ್ರೆ 14.2 ಕೆಜಿ ಸಿಲಿಂಡರ್ ಖಾಲಿ ಆಗೋದ್ರೊಳಗೆ 22 ಲೀಟರಿಗಿಂತ ಜಾಸ್ತಿ ನೀರು ಅಡುಗೆಮನೆ ಗಾಳಿ ಸೇರಿರತ್ತೆ, ಅನ್ನ ಸಾರು ಕುದ್ದ ಹಬೆ ಇದಕ್ಕೆ ಸೇರಿಲ್ಲ. ಅದಕ್ಕೆ ಒಲೆ ಹಚ್ಚೋಕೆ ಮುಂಚೆ ಎಕ್ಸಾಸ್ಟ್ ಹಾಕಿ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಓಡಲಿ, ಪಾತ್ರೆಗೆ ಮುಚ್ಚಳ ಇರ್ಲಿ. ಚಿಮಣಿ ಇದ್ರೆ ಅದರ ಪೈಪ್ ಹೊರಗೆ ಹೋಗಿದೆಯಾ ನೋಡಿ, ಫಿಲ್ಟರ್ ಮಾಡಿ ಒಳಕ್ಕೇ ಬಿಡೋ ಥರದ್ದು ಜಿಡ್ಡು ಹಿಡಿಯತ್ತೆ ಅಷ್ಟೆ, ಆವಿ ಒಳಗೇ ಉಳಿಯತ್ತೆ. ಸ್ನಾನ ಆದ್ಮೇಲೆ ಬಚ್ಚಲ ಬಾಗ್ಲು ಮನೆ ಕಡೆ ಮುಚ್ಚಿ ಎಕ್ಸಾಸ್ಟ್ 20 ನಿಮಿಷ ಬಿಡಿ, ನೆಲದ ನೀರನ್ನ ವೈಪರಲ್ಲಿ ಎಳೆದುಬಿಡಿ.

ಬಟ್ಟೆ ಒಣಗಿಸೋದೇ ದೊಡ್ಡ ತಲೆನೋವು. ಮಲಗೋ ಕೋಣೆಲಿ ಹಗ್ಗ ಕಟ್ಟಿ ಫ್ಯಾನ್ ಹಾಕಿದ್ರೆ ಬಟ್ಟೆ ಒಣಗತ್ತೆ ನಿಜ, ಆದ್ರೆ ಆ ಒಂದೆರಡು ಲೀಟರ್ ನೀರೆಲ್ಲ ಗೋಡೆಗೆ, ಹಾಸಿಗೆಗೆ ಹೋಗತ್ತೆ. ಚಾವಡಿಯೋ ಹಿಂದಿನ ಜಗುಲಿಯೋ ಇದ್ರೆ ಅಲ್ಲಿ ಹಾಕಿ. ಅಪಾರ್ಟ್‌ಮೆಂಟ್ ಆದ್ರೆ ಒಂದೇ ಕೋಣೆ ಅಂತ ಗೊತ್ತು ಮಾಡ್ಕೊಂಡು ಅದರ ಬಾಗ್ಲು ಹಾಕಿ ಕಿಟಕಿ ತೆಗೆದಿಟ್ಟು ಅಲ್ಲೇ ಒಣಗಿಸಿ, ವಾಷಿಂಗ್ ಮಷಿನಲ್ಲಿ ಎರಡನೇ ಸಲ ಸ್ಪಿನ್ ಹಾಕಿ ತೆಗೆದ್ರೆ ಅರ್ಧ ಕೆಲಸ ಅಲ್ಲೇ ಮುಗಿಯತ್ತೆ.

ಇಲ್ಲಿ ಒಂದು ಮಾತು ಹೇಳ್ಬೇಕು. ಮಂಗಳೂರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಎಲ್ಲ ಕಡೆ ಹೆಂಚಿನ ಮಾಡು ಬಂತು, ಆ ಹೆಂಚಿನ ಸಂದಿಲಿ ಗಾಳಿ ಸದಾ ಆಡ್ತಿತ್ತು, ಕೆಳಗೆ ಬಚ್ಚಲ ಒಲೆ, ಅಡುಗೆ ಒಲೆ ದಿನವಿಡೀ ಬೆಚ್ಚಗಿರ್ತಿತ್ತು. 28 ಡಿಗ್ರಿಲಿ ಶೇಕಡಾ 85 ತೇವ ಇರೋ ಗಾಳಿನ 33 ಡಿಗ್ರಿಗೆ ಬೆಚ್ಚಗೆ ಮಾಡಿದ್ರೆ ಅದು 64ಕ್ಕೆ ಇಳಿಯತ್ತೆ, ಅಟ್ಟದ ಮೇಲಿನ ಅಕ್ಕಿ ಅಡಿಕೆ ಉಳೀತಿದ್ದಿದ್ದು ಹೀಗೆ. ಹೊಗೆ ಕುಡಿದು ಹೆಂಗಸರ ಶ್ವಾಸಕೋಶ ಹಾಳಾಗ್ತಿತ್ತು ಅನ್ನೋದೂ ಅಷ್ಟೇ ನಿಜ, ಹಾಗಾಗಿ ಆ ಒಲೆ ವಾಪಸ್ ಬರ್ಲಿ ಅಂತ ನಾನು ಹೇಳಲ್ಲ. ಆದ್ರೆ ಸ್ಲ್ಯಾಬ್ ಹಾಕಿ, ಅಲ್ಯುಮಿನಿಯಂ ಕಿಟಕಿ ಬಿಗಿ ಮಾಡಿ, ಒಲೆನೂ ತೆಗೆದ ಮೇಲೆ ಗಾಳಿ ಮತ್ತು ಶಾಖ ಎರಡಕ್ಕೂ ನಾವೇ ಬೇರೆ ದಾರಿ ಮಾಡ್ಬೇಕು.

ಕಿಟಕಿ ಯಾವಾಗ ತೆಗೀಬೇಕು, ಯಾವಾಗ ಮುಚ್ಬೇಕು

ಅಡುಗೆಮನೆ, ಬಚ್ಚಲ ಕಿಟಕಿ ಮಳೆ ಬಂದ್ರೂ ತೆರೆದಿರ್ಲಿ, ಅಲ್ಲಿ ಒಳಗಿನ ಆವಿ ಹೊರಗಿಗಿಂತ ಜಾಸ್ತಿನೇ ಇರತ್ತೆ. ಉಳಿದ ಕೋಣೆಗಳಿಗೆ ಮಳೆ ಹೊಳವಾದಾಗ ಎದುರುಬದುರು ಕಿಟಕಿ ತೆಗೆದು ಅರ್ಧ ಗಂಟೆ ಫ್ಯಾನ್ ಹಾಕಿ. ನಾಲ್ಕೈದು ದಿನ ಥಂಡಿ ಹಿಡಿದು ಒಂದಿನ ಸೆಕೆ ಬಂದಾಗ ಮಾತ್ರ ಜಾಗ್ರತೆ, ಆವತ್ತು ತಣ್ಣಗಿನ ಟೈಲ್ಸ್ ಮೇಲೆ ಬೆಚ್ಚನೆ ಗಾಳಿ ಕೂತು ನೆಲ ಬೆವರತ್ತೆ, ಅಂಥ ದಿನ ಮಲಗೋ ಕೋಣೆ ಮುಚ್ಚಿಡೋದೇ ಮೇಲು.

ಎಸಿ ಇರೋರು 20 ಡಿಗ್ರಿಗೆ ಇಡಬೇಡಿ. ಆಗಲೇ ಹೇಳಿದ 28 ಡಿಗ್ರಿ, 85 ತೇವದ ಗಾಳಿ 25 ಡಿಗ್ರಿ ಇರೋ ಯಾವ ಗೋಡೆ ಮುಟ್ಟಿದ್ರೂ ನೀರಾಗತ್ತೆ, ಎಸಿ ರೂಮಿನ ಪಕ್ಕದ ರೂಮಲ್ಲಿ ಗೋಡೆ ಕಪ್ಪಾಗೋದು ಇದಕ್ಕೇ. 26ಕ್ಕೆ ಇಡಿ, ಡ್ರೈ ಮೋಡ್ ಇದ್ರೆ ಹಾಕಿ. ಡೀಹ್ಯುಮಿಡಿಫೈಯರ್, ಅಂದ್ರೆ ಗಾಳಿಲಿರೋ ತೇವ ಎಳ್ಕೊಳ್ಳೋ ಯಂತ್ರ, ನಿಜವಾಗ್ಲೂ ಕೆಲಸ ಮಾಡೋ ಮಷಿನ್, ಮಳೆಗಾಲದಲ್ಲಿ ಒಂದು ರಾತ್ರಿಗೆ ಲೀಟರ್‌ಗಟ್ಟಲೆ ನೀರು ಹಿಡಿಯತ್ತೆ, ಅಸ್ತಮಾ ಇರೋರು ಮನೆಲಿದ್ರೆ ಖರ್ಚು ಮಾಡೋಕೆ ಯೋಚಿಸ್ಬೇಡಿ, ಆದ್ರೆ ಅದು ಓಡ್ವಾಗ ಬಾಗ್ಲು ಕಿಟಕಿ ಮುಚ್ಚಿರ್ಬೇಕು.

ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದ್ಮೇಲೆ ಮಹಡಿ ರೂಮಿಗೆ ಬೀಗ ಹಾಕಿಡೋ ಮನೆಗಳು ಈಗ ಊರಲ್ಲಿ ಬೇಕಾದಷ್ಟಿವೆ, ಆ ರೂಮಿಗೇ ಮೊದಲು ಬೂಷ್ಟು ಹಿಡಿಯೋದು. ವಾರಕ್ಕೆ ಎರಡು ಸಲ ಯಾರಾದ್ರೂ ಹೋಗಿ ಫ್ಯಾನ್ ಹಾಕಿ, ಹಾಸಿಗೆ ಎತ್ತಿ ನಿಲ್ಲಿಸಿ ಬನ್ನಿ.

ಬಂದಿರೋ ಬೂಷ್ಟನ್ನ ತೆಗೆಯೋದು

ಒಣಗಿದ್ದನ್ನ ಹಾಗೇ ಉಜ್ಜಬೇಡಿ, ಬೀಜಕಣ ಎಲ್ಲ ಹಾರಿ ಮೂಗಿಗೆ ಹೋಗತ್ತೆ. ಎನ್-95 ಮಾಸ್ಕ್, ಕೈಗೆ ಗ್ಲೌಸ್ ಹಾಕ್ಕೊಂಡು, ಮಕ್ಕಳನ್ನ ಹೊರಗೆ ಕಳಿಸಿ, ಮೊದಲು ನೀರು ಚಿಮುಕಿಸಿ ತೇವ ಮಾಡಿ, ಆಮೇಲೆ ಸೋಪಿನ ನೀರಲ್ಲಿ ಒರೆಸಿ, ಒರೆಸಿದ ಬಟ್ಟೆ ಬಿಸಾಕಿ, ಗೋಡೆಗೆ ಟೇಬಲ್ ಫ್ಯಾನ್ ಹಿಡಿದು ಪೂರ್ತಿ ಒಣಗಿಸಿ. ಟೈಲ್ಸ್, ಗಾಜಿನಂಥ ಗಟ್ಟಿ ಮೈಗೆ ಬ್ಲೀಚ್ ಆಗಬಹುದು. ಗಾರೆ, ಮರದಂಥ ನೀರು ಹೀರೋ ವಸ್ತುಗೆ ಬ್ಲೀಚ್ ಹಾಕಿದ್ರೆ ಬಣ್ಣ ಹೋಗತ್ತೆ, ಬೇರು ಒಳಗೇ ಇರತ್ತೆ. ಬ್ಲೀಚನ್ನ ಆಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಜೊತೆ, ವಿನೆಗರ್ ಜೊತೆ ಯಾವ ಕಾರಣಕ್ಕೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಮೂರಡಿಗೆ ಮೂರಡಿಗಿಂತ ದೊಡ್ಡ ಜಾಗಕ್ಕೆ ಹಬ್ಬಿದ್ರೆ ನೀವೇ ಒರೆಸೋಕೆ ಹೋಗ್ಬೇಡಿ, ಗೊತ್ತಿರೋರನ್ನ ಕರೆಸಿ. ಜಿಪ್ಸಂ ಸೀಲಿಂಗ್ ಒಳಗೆ ಹೊಕ್ಕಿದ್ರೆ ಆ ಭಾಗ ಕತ್ತರಿಸಿ ತೆಗೆಸಿ.

ಬೀರುನ ಹೊರಗೋಡೆಗೆ ಒತ್ತಿ ಇಡಬೇಡಿ, ಮೂರು ಇಂಚು ಸಂದಿ ಬಿಡಿ. ರೇಷ್ಮೆ ಸೀರೆ ಪ್ಲಾಸ್ಟಿಕ್ ಕವರಲ್ಲಿ ಬೇಡ, ಹಳೇ ಕಾಟನ್ ಪಂಚೆಲಿ ಸುತ್ತಿ. ನುಸಿಗುಳಿಗೆ ಹುಳಕ್ಕೆ ಹಾಕೋದು, ಬೂಷ್ಟು ತಡೆಯಲ್ಲ, ಎಳೆಮಕ್ಕಳ ಬಟ್ಟೆಲಂತೂ ಅದು ಬೇಡವೇ ಬೇಡ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವ ಹೀರೋ ಡಬ್ಬಿ ಅಂಗಡಿಲಿ ಸಿಗತ್ತೆ, ಮುಚ್ಚಿದ ಬೀರುಗೆ ಪರವಾಗಿಲ್ಲ, ಕೋಣೆಗೆ ಸಾಲಲ್ಲ. ಹಾಸಿಗೆನ ನೆಲಕ್ಕೆ ಹಾಕಿ ಹಾಗೇ ಬಿಟ್ರೆ ಅಡಿಲಿ ಬೂಷ್ಟು ಗ್ಯಾರಂಟಿ, ಬೆಳಗ್ಗೆ ಎತ್ತಿ ಗೋಡೆಗೆ ಒರಗಿಸಿ.

ಗಿಡ ಇಟ್ರೆ ಗಾಳಿ ಶುದ್ಧ ಆಗತ್ತೆ ಅಂತ ವಾಟ್ಸಾಪಲ್ಲಿ ಓಡಾಡೋ ಮಾತು 1989ರ ನಾಸಾ ಪ್ರಯೋಗದ್ದು, ಅದನ್ನ ಮಾಡಿದ್ದು ಮುಚ್ಚಿದ ಸಣ್ಣ ಪೆಟ್ಟಿಗೆಲಿ. ನಿಜವಾದ ಮನೆಲಿ ಕಿಟಕಿ ತೆಗೆದಷ್ಟು ಪ್ರಯೋಜನ ಆಗ್ಬೇಕಂದ್ರೆ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಅಂತ 2019ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಮಳೆಗಾಲಕ್ಕೆ ಕುಂಡಗಳನ್ನ ಜಗುಲಿಗೆ ಇಡಿ, ಒಳಗಿದ್ರೆ ಆ ಮಣ್ಣಿನ ತೇವಾನೂ ನಮ್ಮದೇ. ಏರ್ ಪ್ಯೂರಿಫೈಯರಿನ ಹೆಪಾ ಫಿಲ್ಟರ್ ಹಾರಾಡೋ ಬೀಜಕಣ ಹಿಡಿಯತ್ತೆ, ಗೋಡೆ ತೇವ ಇಳಿಸಲ್ಲ. ಮುಗ್ಗಲು ವಾಸನೆ ಮುಚ್ಚೋಕೆ ಅಗರಬತ್ತಿ, ಸೊಳ್ಳೆಗೆ ಕಾಯಿಲ್ ಅಂತ ಮುಚ್ಚಿದ ರೂಮಲ್ಲಿ ಹಚ್ಚೋದನ್ನ ಬಿಟ್ಟುಬಿಡಿ, ಒಂದು ಕಾಯಿಲ್ ಪೂರ್ತಿ ಉರಿದ್ರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಗಾಳಿಗೆ ಸೇರತ್ತೆ ಅಂತ 2003ರ ಅಧ್ಯಯನ ಹೇಳಿದೆ. ಸೊಳ್ಳೆ ಪರದೆ ಕಟ್ಟಿ.

ಪೇಂಟ್ ಮಾಡ್ಸೋದಾದ್ರೆ ದೀಪಾವಳಿಗೆ ಅವಸರ ಬೇಡ, ಆಗಿನ್ನೂ ಗೋಡೆ ಒಳಗೆ ತೇವ ಇರತ್ತೆ. ಜನವರಿ ಕಳೀಲಿ, ಆ ಪ್ಲಾಸ್ಟಿಕ್ ಹಾಳೆ ಇನ್ನೊಂದ್ಸಲ ಅಂಟಿಸಿ ನೋಡಿ, ಗೋಡೆ ಕಡೆ ಒಣಗಿದ್ರೆ ಹಳೇ ಪೇಂಟ್ ಕೆರೆಸಿ ಆಮೇಲೆ ಹೊಡೆಸಿ. ಹಳೇ ಮಣ್ಣಿನ, ಕೆಂಪುಕಲ್ಲಿನ ಗೋಡೆಗೆ ಸುಣ್ಣವೇ ಒಳ್ಳೇದು, ಅದರ ಕ್ಷಾರಕ್ಕೆ ಬೂಷ್ಟು ಸುಲಭಕ್ಕೆ ಹತ್ತಲ್ಲ, ಗೋಡೆ ಒಳಗಿನ ಆವಿನೂ ಹೊರಗೆ ಹೋಗತ್ತೆ.